ತಣ್ಣಗಾದರೆ ಮುರಿಯುವ, ಬಿಸಿಯಾದರೆ ಬಾಗುವ ರೊಟ್ಟಿ

ರಾತ್ರಿ ಉಳಿದ ಅನ್ನವನ್ನು ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಅಗುಳೆಲ್ಲ ಬಿರುಸಾಗಿರುತ್ತದೆ. ಅದನ್ನೇ ಬಿಸಿಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಮುಚ್ಚಿದ ಡಬ್ಬಿಯಿಂದ ನೀರು ಎಲ್ಲಿಗೂ ಹೋಗಿರಲಿಲ್ಲವಲ್ಲ, ಹಾಗಾದರೆ ಅನ್ನ ಬಿರುಸಾದದ್ದು ಹೇಗೆ? ದಿನವೂ ಕಣ್ಣೆದುರು ನಡೆಯುವ ಸಂಗತಿಯಾದ್ದರಿಂದ ಈ ಪ್ರಶ್ನೆಯನ್ನು ನಾವು ಕೇಳುವುದೇ ಕಡಿಮೆ.

ಇದೇ ಪ್ರಶ್ನೆ ಮೆಕ್ಸಿಕೋದಲ್ಲಿ, ಅಮೆರಿಕದ ನೈಋತ್ಯ ರಾಜ್ಯಗಳಲ್ಲಿ ಎಂಚಿಲಾಡಾ ಮಾಡುವವರಿಗೆ ಇನ್ನಷ್ಟು ಜೋರಾಗಿ ಎದುರಾಗುತ್ತದೆ. ಅವರ ಮೆಕ್ಕೆಜೋಳದ ರೊಟ್ಟಿಗೆ ಟೋರ್ಟಿಯಾ ಎಂದು ಹೆಸರು. ಹಂಚಿನಿಂದ ಆಗ ತಾನೇ ಇಳಿಸಿದ ಟೋರ್ಟಿಯಾವನ್ನು ಬೆರಳಿಗೆ ಸುತ್ತಬಹುದು. ಕೆಲವು ಗಂಟೆ ಬಿಟ್ಟು ಸುತ್ತಲು ಹೋದರೆ ಸೀಳುತ್ತದೆ. ಮತ್ತೆ ಕಾಯಿಸಿದರೆ ಬಾಗುತ್ತದೆ. ಹಾಗೆಯೇ ತಂದು ಗೊಜ್ಜಿನಲ್ಲಿ ಮುಳುಗಿಸಿ ಬೇಯಿಸಿದರೆ ಅಂಬಲಿಯಂತೆ ಕಲಸಿಹೋಗುತ್ತದೆ. ಆದರೆ ಕಾದ ಎಣ್ಣೆಯಲ್ಲಿ ಒಂದು ಕ್ಷಣ ಅದ್ದಿ ತೆಗೆದು ಗೊಜ್ಜಿಗೆ ಹಾಕಿದರೆ ಅರ್ಧ ಗಂಟೆ ಓವನ್‌ನಲ್ಲಿದ್ದರೂ ಪದರವಾಗಿಯೇ ಉಳಿಯುತ್ತದೆ. ಒಂದೇ ರೊಟ್ಟಿ ಇಷ್ಟು ಬಗೆಯಲ್ಲಿ ನಡೆದುಕೊಳ್ಳುತ್ತದೆ. ಇದರ ಹಿಂದಿನ ಮುಖ್ಯ ಕಾರಣ ಒಂದೇ: ರೊಟ್ಟಿಯೊಳಗಿನ ಪಿಷ್ಟಕ್ಕೂ ನೀರಿಗೂ ಇರುವ ನಂಟು. ಅದು ತಿಳಿದರೆ ಎಂಚಿಲಾಡಾದ ಪಾಕವಿಧಾನದ ಒಂದೊಂದು ಹಂತಕ್ಕೂ ಕಾರಣ ಸಿಗುತ್ತದೆ.

ಪದರ ಪದರದ ಅಡುಗೆ

ಎಂಚಿಲಾಡಾ ಎಂದರೆ ಮೆಣಸಿನಕಾಯಿ ಗೊಜ್ಜಿನಲ್ಲಿ ಮಿಂದ ಟೋರ್ಟಿಯಾ. ಒಳಗೆ ಕೋಳಿ, ಬೀನ್ಸ್, ಆಲೂಗಡ್ಡೆ, ಚೀಸ್ ಹೀಗೆ ಏನಾದರೂ ಹೂರಣ. ಟೋರ್ಟಿಯಾ ಮತ್ತು ಮೆಣಸಿನಕಾಯಿಯ ಜೋಡಿ ಸ್ಪ್ಯಾನಿಷರು ಮೆಕ್ಸಿಕೋಗೆ ಕಾಲಿಡುವ ಮೊದಲಿನಿಂದ ಇದೆ. 16ನೇ ಶತಮಾನದಲ್ಲಿ ಅಸ್ತೆಕ್ ಜನರ ಬದುಕನ್ನು ವಿವರವಾಗಿ ದಾಖಲಿಸಿದ ಪಾದ್ರಿ ಬೆರ್ನಾರ್ದಿನೋ ದೆ ಸಾಹಗುನ್ ಅವರ ಗ್ರಂಥದಲ್ಲಿ ಬಗೆಬಗೆಯ ಟೋರ್ಟಿಯಾಗಳ, ಮೆಣಸಿನಕಾಯಿ ಹಾಕಿದ ಅಡುಗೆಗಳ ವರ್ಣನೆ ಸಿಗುತ್ತದೆ. ಹಸು, ಹಾಲು, ಚೀಸ್ ಸೇರಿಕೊಂಡದ್ದು ಸ್ಪ್ಯಾನಿಷರು ಬಂದ ನಂತರ.

ಟೋರ್ಟಿಯಾವನ್ನು ಸುರುಳಿ ಸುತ್ತುವುದು ಒಂದು ಬಗೆ, ಒಂದರ ಮೇಲೊಂದು ಹೇರುವುದು ಇನ್ನೊಂದು ಬಗೆ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಹಾಗೆ ಹೇರಿದ ಎಂಚಿಲಾಡಾ ಮೇಲೆ ಕರಿದ ಮೊಟ್ಟೆ ಇಟ್ಟು ಕೊಡುವ ರೂಢಿಯಿದೆ. ಮೆಕ್ಸಿಕೋದಲ್ಲಿ ಟೋರ್ಟಿಯಾ, ಗೊಜ್ಜು, ಸುಟ್ಟ ಪೊಬ್ಲಾನೋ ಮೆಣಸಿನಕಾಯಿ, ಕೆನೆ, ಚೀಸ್‌ಗಳನ್ನು ಪದರವಾಗಿಟ್ಟು ಓವನ್‌ನಲ್ಲಿ ಬೇಯಿಸಿದರೆ ಅದು ಪಾಸ್ತೆಲ್ ಅಸ್ತೆಕಾ. ಅಮೆರಿಕದ ಮನೆಗಳಲ್ಲಿ ಇದೇ ಬಗೆಯ ಅಡುಗೆ ಎಂಚಿಲಾಡಾ ಕ್ಯಾಸರೋಲ್ ಆಗಿ ಬೆಳೆದಿದೆ. ಇಲ್ಲಿ ಕ್ಯಾಸರೋಲ್ ಎಂದರೆ ನಮ್ಮ ಊಟದ ಮೇಜಿನ ಹಾಟ್‌ಬಾಕ್ಸ್ ಅಲ್ಲ. ಸುಮಾರು 13 ಇಂಚು ಉದ್ದ, 9 ಇಂಚು ಅಗಲದ ಗಾಜಿನ ಅಥವಾ ಪಿಂಗಾಣಿ ತಟ್ಟೆಯಲ್ಲಿ ಜೋಡಿಸಿ ಓವನ್‌ಗಿಡುವ ಅಡುಗೆ. ಒಂದೇ ತಟ್ಟೆಯಲ್ಲಿ ಮನೆಮಂದಿಗೆಲ್ಲ ಆಗುತ್ತದೆ. ಮಾಂಸದ ಬದಲು ಕಪ್ಪು ಬೀನ್ಸ್, ಪಾಲಕ್ ಹಾಕಿದರೂ ರುಚಿಗೆ ಕೊರತೆಯಿಲ್ಲ. ಇದರಲ್ಲಿ ಕಷ್ಟವಿರುವುದು ಒಂದೇ ಕಡೆ, ರೊಟ್ಟಿಯ ಪದರ ಪದರವಾಗಿಯೇ ಉಳಿಯಬೇಕು.

ಜಿಗಿಯಿಲ್ಲದ ಹಿಟ್ಟಿಗೆ ಸುಣ್ಣದ ನೆರವು

ಗೋಧಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೂ ಅದು ಹಿಡಿದುಕೊಳ್ಳುತ್ತದೆ. ಅದರಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ರಬ್ಬರಿನ ಗುಣದ ಬಲೆಯನ್ನು ಹೆಣೆಯುತ್ತದೆ. ಬಿಳಿಜೋಳದಲ್ಲಿ ಗ್ಲುಟೆನ್ ಇಲ್ಲ, ಮೆಕ್ಕೆಜೋಳದಲ್ಲೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ ಬಡಿಯುವವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ: ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ದು ನಾದುತ್ತಾರೆ. ಬಿಸಿನೀರು ಬಿದ್ದ ಕಡೆ ಸ್ವಲ್ಪ ಪಿಷ್ಟ ಬೆಂದು ಅಂಟಾಗಿ ಹಿಟ್ಟಿಗೆ ಜಿಗಿ ಬರುತ್ತದೆ.

ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಜನ ಹಿಡಿದ ದಾರಿ ಬೇರೆ. ಅವರು ಇಡೀ ಕಾಳನ್ನೇ ಸುಣ್ಣದ ನೀರಿನಲ್ಲಿ ಬೇಯಿಸಿದರು. ಕನಿಷ್ಠ 3,000 ವರ್ಷಗಳಿಂದ ಈ ಪದ್ಧತಿ ನಡೆದುಬಂದಿದೆ. ಕಾಳಿನ ತೂಕದ ಸುಮಾರು ನೂರಕ್ಕೆ ಒಂದು ಪಾಲು ಸುಣ್ಣ ಸಾಕು. ಅದೇನೂ ಅಪರೂಪದ ವಸ್ತುವಲ್ಲ. ನಾವು ಎಲೆಗೆ ಹಚ್ಚಿಕೊಳ್ಳುವ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ ಅದರಲ್ಲೂ ಇರುವುದು. ಕಾಳನ್ನು ಬೇಯಿಸಿ ರಾತ್ರಿಯಿಡೀ ಅದೇ ನೀರಿನಲ್ಲಿ ಬಿಡುತ್ತಾರೆ. ಬೆಳಿಗ್ಗೆ ತೊಳೆದರೆ ಸಿಪ್ಪೆ ಕೈಗೆ ಜಾರಿಕೊಂಡು ಬರುತ್ತದೆ. ಸುಲಿದ ಆ ಕಾಳಿಗೆ ನಿಷ್ತಮಾಲ್ ಎಂದು ಹೆಸರು. ಅದನ್ನು ಕಲ್ಲಿನ ಮೇಲೆ ಅರೆದರೆ ಸಿಗುವ ಮೆತ್ತನೆಯ ಹಿಟ್ಟಿನ ಮುದ್ದೆ ಮಾಸಾ.

ಸುಣ್ಣ ಅಲ್ಲಿ ಮಾಡುವ ಕೆಲಸ ದೊಡ್ಡದು. ಸಿಪ್ಪೆಯನ್ನು ಕಾಳಿಗೆ ಅಂಟಿಸಿಟ್ಟ ಹೆಮಿಸೆಲ್ಯುಲೋಸ್ ಎಂಬ ನಾರು ಕ್ಷಾರದಲ್ಲಿ ಕರಗಿ ಅಂಟಿನಂತಾಗುತ್ತದೆ. ಕಾಳಿನ ಹೊರಭಾಗದ ಪಿಷ್ಟ ಸ್ವಲ್ಪ ಬೇಯುತ್ತದೆ. ಕ್ಯಾಲ್ಸಿಯಂ ಈ ಎಳೆಗಳ ನಡುವೆ ಸೇತುವಾಗಿ ನಿಲ್ಲುತ್ತದೆ. ಇಷ್ಟೂ ಸೇರಿ ಗ್ಲುಟೆನ್ ಇಲ್ಲದ ಹಿಟ್ಟು ತೆಳ್ಳಗೆ ತಟ್ಟಿದರೂ ಬಿರಿಯದಂತಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಸಾದಾ ಮೆಕ್ಕೆಜೋಳದ ಹಿಟ್ಟಿಗೆ ನೀರು ಬೆರೆಸಿ ಟೋರ್ಟಿಯಾ ಮಾಡಲು ಹೊರಟರೆ ಅಂಚೆಲ್ಲ ಒಡೆಯುವುದು ಇದಕ್ಕೇ. ಅದು ಸುಣ್ಣ ಕಂಡ ಹಿಟ್ಟಲ್ಲ. ಸುಣ್ಣದಲ್ಲಿ ಬೇಯಿಸಿ, ಅರೆದು, ಒಣಗಿಸಿದ ಹಿಟ್ಟನ್ನು ಮಾಸಾ ಹರಿನಾ ಎಂಬ ಹೆಸರಿನಲ್ಲಿ ಮಾರುತ್ತಾರೆ, ಕೊಳ್ಳಬೇಕಾದದ್ದು ಅದನ್ನು.

ಸುಣ್ಣದಿಂದ ಆರೋಗ್ಯಕ್ಕೂ ಒಂದು ದೊಡ್ಡ ಉಪಕಾರವಿದೆ. ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ನಮ್ಮ ದೇಹಕ್ಕೆ ದಕ್ಕದ ರೂಪದಲ್ಲಿ ಬಂಧಿಯಾಗಿರುತ್ತದೆ, ಸುಣ್ಣದ ಬೇಯಿಕೆ ಅದನ್ನು ಬಿಡಿಸುತ್ತದೆ. ಮೆಕ್ಕೆಜೋಳ ಯುರೋಪಿಗೆ ಹೋಯಿತು, ಸುಣ್ಣದ ವಿದ್ಯೆ ಅದರ ಜೊತೆ ಹೋಗಲಿಲ್ಲ. ಮೆಕ್ಕೆಜೋಳವನ್ನೇ ನಂಬಿ ಬದುಕಿದ ಉತ್ತರ ಇಟಲಿಯ ಬಡವರಲ್ಲಿ, ನಂತರ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರಲ್ಲಿ ಪೆಲಾಗ್ರ ಎಂಬ ಕಾಯಿಲೆ ಹರಡಿ ಅಪಾರ ಸಾವುನೋವಾಯಿತು. ಅದನ್ನು ತಡೆಯುವ ವಸ್ತು ಈ ನಯಾಸಿನ್ ಎಂದು ವಿಜ್ಞಾನಿ ಕಾನ್ರಾಡ್ ಎಲ್ವೆಹ್ಜೆಮ್ ಅವರ ಸಂಶೋಧನೆಯಿಂದ ಖಚಿತವಾಗಲು 1937 ಬರಬೇಕಾಯಿತು.

ಲಡಿ ಬಿಚ್ಚುವುದು, ಲಡಿ ಕಟ್ಟುವುದು

ಈಗ ಪಿಷ್ಟದ ಒಳಗೆ ಹೋಗೋಣ. ಹಸಿ ಹಿಟ್ಟಿನಲ್ಲಿ ಪಿಷ್ಟವು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿರುತ್ತದೆ. ಒಂದೊಂದು ಕಣವನ್ನೂ ಬಿಗಿಯಾಗಿ ಸುತ್ತಿಟ್ಟ ನೂಲಿನ ಲಡಿಯೆಂದುಕೊಳ್ಳಿ. ಅದರಲ್ಲಿ ಎರಡು ಬಗೆಯ ನೂಲಿದೆ. ಒಂದು ಕವಲಿಲ್ಲದೆ ಉದ್ದಕ್ಕೆ ಸಾಗುವುದು, ಅದನ್ನು ನೇರೆಳೆ ಎನ್ನೋಣ. ವಿಜ್ಞಾನಿಗಳು ಅಮೈಲೋಸ್ ಎನ್ನುತ್ತಾರೆ. ಇನ್ನೊಂದು ಕೊಂಬೆಗೆ ಕೊಂಬೆ ಒಡೆದು ಹರಡುವುದು, ಅದು ಕವಲೆಳೆ. ವಿಜ್ಞಾನಿಗಳ ಮಾತಿನಲ್ಲಿ ಅಮೈಲೋಪೆಕ್ಟಿನ್. ಸಾಮಾನ್ಯ ಮೆಕ್ಕೆಜೋಳದ ಪಿಷ್ಟದಲ್ಲಿ ಸುಮಾರು ಕಾಲು ಪಾಲು ನೇರೆಳೆ, ಉಳಿದ ಮುಕ್ಕಾಲು ಕವಲೆಳೆ.

ಲಡಿ ಬಿಗಿಯಾಗಿರುವಾಗ ತಣ್ಣೀರು ಒಳಕ್ಕಿಳಿಯುವುದು ಕಷ್ಟ. ನೀರಿನ ಜೊತೆ ಶಾಖವೂ ಸೇರಿ 60ರಿಂದ 70 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಎಳೆಗಳು ಸಡಿಲಗೊಳ್ಳುತ್ತವೆ, ನೀರು ನುಗ್ಗುತ್ತದೆ, ಲಡಿ ಉಬ್ಬುತ್ತದೆ. ಇದೇ ಪಿಷ್ಟದ ಅರಳಿಕೆ. ಅಕ್ಕಿ ಅನ್ನವಾಗುವುದು, ರಾಗಿ ಹಿಟ್ಟು ಮುದ್ದೆಯಾಗುವುದು ಇದರಿಂದಲೇ. ಅರಳಿದ ಪಿಷ್ಟದ ಎಳೆಗಳ ನಡುವೆ ನೀರು ತುಂಬಿರುವುದರಿಂದ ಎಳೆಗಳು ಒಂದರ ಪಕ್ಕ ಒಂದು ಜಾರಬಲ್ಲವು. ಹಂಚಿನ ಮೇಲಿಂದ ಇಳಿದ ಬಿಸಿ ಟೋರ್ಟಿಯಾ ಬಾಗುವುದರ ಗುಟ್ಟು ಇಷ್ಟೇ.

ತಣ್ಣಗಾಗುತ್ತ ಹೋದಂತೆ ಬಿಚ್ಚಿದ ಎಳೆಗಳು ಮತ್ತೆ ಒಂದಕ್ಕೊಂದು ಹತ್ತಿರ ಸರಿದು, ಪಕ್ಕಪಕ್ಕ ಒರಗಿ, ಸಾಲುಗಟ್ಟಿ ಬಿಗಿಯುತ್ತವೆ. ನಡುವಿನ ನೀರನ್ನು ಆಚೆ ತಳ್ಳುತ್ತವೆ. ಲಡಿ ಮೊದಲಿನಷ್ಟು ಅಚ್ಚುಕಟ್ಟಾಗಿ ಅಲ್ಲದಿದ್ದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಇದನ್ನು ಮರುಬಿಗಿತ ಎನ್ನೋಣ, ಪಾಕವಿಜ್ಞಾನದ ಪುಸ್ತಕಗಳಲ್ಲಿ ರೆಟ್ರೊಗ್ರೇಡೇಶನ್ ಎಂದಿರುತ್ತದೆ. ಬಿಗಿದ ಎಳೆಗಳು ಜಾರುವುದಿಲ್ಲ. ಬಗ್ಗಿಸಲು ಹೋದರೆ ರೊಟ್ಟಿ ಸೀಳುತ್ತದೆ.

ಎರಡು ಎಳೆಗಳ ನಡವಳಿಕೆಯಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ, ನಮ್ಮ ಅಡುಗೆಯ ಕೀಲಿಕೈ ಅದರಲ್ಲೇ ಇದೆ. ನೇರೆಳೆಗಳು ಕೆಲವೇ ಗಂಟೆಗಳಲ್ಲಿ ಬಿಗಿಯುತ್ತವೆ. ಅವು ಒಮ್ಮೆ ಬಿಗಿದ ಮೇಲೆ ಕುದಿಯುವ ನೀರಿನ ಶಾಖಕ್ಕೂ ಜಗ್ಗುವುದಿಲ್ಲ. ಕವಲೆಳೆಗಳು ನಿಧಾನ, ಪೂರ್ತಿ ಬಿಗಿಯಲು ದಿನಗಳೇ ಬೇಕು. ಆದರೆ 60 ಡಿಗ್ರಿಯ ಆಸುಪಾಸಿನ ಬಿಸಿ ತಾಗಿದರೆ ಸಾಕು, ಅವು ಮತ್ತೆ ಸಡಿಲಾಗುತ್ತವೆ. ನಿನ್ನೆಯ ಟೋರ್ಟಿಯಾ ಕಾದ ಹಂಚಿನ ಮೇಲೆ ಮತ್ತೆ ಬಾಗುವಂತಾಗುವುದು ಕವಲೆಳೆಯ ಸಡಿಲಿಕೆಯಿಂದ. ಬಾಗಿದರೂ ಚೂರಾಗದೆ ಹಿಡಿದುಕೊಳ್ಳುವುದರಲ್ಲಿ ನೇರೆಳೆಯ ಬಿಗಿತದ ಪಾತ್ರ ದೊಡ್ಡದು.

ಬಿರುಸು ಬೇರೆ, ಒಣಗುವುದು ಬೇರೆ

ಹಳೆಯ ಬ್ರೆಡ್ಡು ಗಟ್ಟಿಯಾಗುವುದು ಒಣಗುವುದರಿಂದ ಎಂದೇ ಬಹುಕಾಲ ಜನ ನಂಬಿದ್ದರು. ಫ್ರಾನ್ಸಿನ ರಸಾಯನವಿಜ್ಞಾನಿ ಜ್ಯಾಂ ಬಾಪ್ಟಿಸ್ಟ್ ಬೂಸಾಂಗೋ 1852ರಲ್ಲಿ ಇದನ್ನು ಪರೀಕ್ಷೆಗೊಡ್ಡಿದರು. ತೇವ ಹೊರಹೋಗದಂತೆ ಬ್ರೆಡ್ಡನ್ನು ಮುಚ್ಚಿಟ್ಟರು. ಅದು ಹಾಗಿದ್ದೂ ಗಟ್ಟಿಯಾಯಿತು. ಅದನ್ನು ಸುಮಾರು 60 ಡಿಗ್ರಿಗೆ ಬಿಸಿಮಾಡಿದಾಗ ಮತ್ತೆ ಮೆತ್ತಗಾಯಿತು. ನೀರು ಒಳಗೇ ಇತ್ತು, ಬದಲಾದದ್ದು ಒಳಗಿನ ಜೋಡಣೆ. ಸುಮಾರು ಮುಕ್ಕಾಲು ಶತಮಾನದ ನಂತರ ಡಚ್ ವಿಜ್ಞಾನಿ ಜೆ. ಆರ್. ಕಾಟ್ಸ್ ಹಳೆಯ ಬ್ರೆಡ್ಡಿನ ಮೇಲೆ ಎಕ್ಸ್-ಕಿರಣ ಹಾಯಿಸಿ, ಪಿಷ್ಟ ಮತ್ತೆ ಹರಳುಗಟ್ಟಿರುವುದನ್ನು ತೋರಿಸಿದರು.

ಈ ಭೇದ ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಕೈಗೆ ಸಿಗುವಂಥದ್ದು. ಬಿಸಿಲಿಗೋ ಹಂಚಿನ ಪಕ್ಕಕ್ಕೋ ಇಟ್ಟು ಒಣಗಿಸಿದ ಖಡಕ್ ರೊಟ್ಟಿಯಲ್ಲಿ ನೀರೇ ಉಳಿದಿಲ್ಲ. ಅದನ್ನು ಎಷ್ಟು ಕಾಯಿಸಿದರೂ ಬಾಗದು, ಪಲ್ಯದ ರಸವೋ ಮೊಸರೋ ಬೇಕು. ಬಟ್ಟೆಯಲ್ಲಿ ಸುತ್ತಿಟ್ಟ ನಿನ್ನೆಯ ಮೆತ್ತನೆ ರೊಟ್ಟಿ ಹಾಗಲ್ಲ. ಅದರ ನೀರು ಅದರಲ್ಲೇ ಇದೆ, ಹಂಚಿಗೆ ತಾಗಿಸಿದರೆ ಸಾಕು. ಕ್ಯಾಸರೋಲಿಗೆ ಟೋರ್ಟಿಯಾ ಆರಿಸುವಾಗ ನಮಗೆ ಬೇಕಾದದ್ದು ಈ ಎರಡನೆಯ ಸ್ಥಿತಿ: ಬಿಗಿದಿರಬೇಕು, ಆದರೆ ಚೂರಾಗುವಷ್ಟು ಒಣಗಿರಬಾರದು. ಮೆಕ್ಸಿಕೋದ ಅಡುಗೆಯವರು ಎಂಚಿಲಾಡಾಕ್ಕೆ ಹಿಂದಿನ ದಿನದ ಟೋರ್ಟಿಯಾ ತೆಗೆದಿಡುವುದರ ಹಿಂದೆ ಉಳಿತಾಯದ ಲೆಕ್ಕವೂ ಇದೆ, ಪಿಷ್ಟದ ಲೆಕ್ಕವೂ ಇದೆ. ಬಿಗಿದ ಎಳೆ ಗೊಜ್ಜಿನ ನೀರನ್ನು ಒಮ್ಮೆಗೇ ಹೀರುವುದಿಲ್ಲ.

ಎಣ್ಣೆಯಲ್ಲಿ ಕೆಲವು ಸೆಕೆಂಡು

ಟೋರ್ಟಿಯಾವನ್ನು 175ರಿಂದ 190 ಡಿಗ್ರಿಯಷ್ಟು ಕಾದ ಎಣ್ಣೆಗೆ ಇಳಿಬಿಡಿ. ತಕ್ಷಣ ಅಂಚಿನ ಸುತ್ತ ಸಣ್ಣ ಗುಳ್ಳೆಗಳು ಚಿಟಪಟ ಏಳುತ್ತವೆ. ಅದು ಟೋರ್ಟಿಯಾದ ಮೇಲ್ಮೈಯ ನೀರು ಆವಿಯಾಗಿ ಹೊರಡುವ ಸದ್ದು. ಐದಾರು ಸೆಕೆಂಡಿಗೆ ಇಡೀ ರೊಟ್ಟಿ ಸಡಿಲಾಗಿ ಬಟ್ಟೆಯಂತೆ ಜೋತುಬೀಳುತ್ತದೆ, ಕವಲೆಳೆಗಳು ಬಿಚ್ಚಿಕೊಂಡವು ಎಂದರ್ಥ. ಆಗಲೇ ಮಗುಚಿ, ಇನ್ನೈದು ಸೆಕೆಂಡು ಬಿಟ್ಟು ತೆಗೆಯಬೇಕು. ಗುಳ್ಳೆ ನಿಲ್ಲುವವರೆಗೆ ಬಿಟ್ಟರೆ ನೀರೆಲ್ಲ ಹೋಗಿ ಹಪ್ಪಳದಂತೆ ಗರಿಗರಿಯಾಗುತ್ತದೆ, ಸುತ್ತಲು ಬಾರದು.

ಎಣ್ಣೆಯಲ್ಲಿರುವಾಗ ಆವಿ ಹೊರಕ್ಕೆ ನುಗ್ಗುತ್ತಿರುವುದರಿಂದ ಎಣ್ಣೆ ಒಳಕ್ಕೆ ಹೋಗುವುದು ಕಡಿಮೆ. ಹೊರಗೆ ತೆಗೆದ ಮೇಲೆ ಒಳಗಿನ ಆವಿ ತಣಿದು ಕುಗ್ಗುತ್ತದೆ, ಆಗ ಮೇಲೆ ಅಂಟಿದ ಎಣ್ಣೆ ಸಣ್ಣ ರಂಧ್ರಗಳಿಗೆ ಇಳಿದು ಕೂರುತ್ತದೆ. ಗೊಜ್ಜಿನ ನೀರು ಬಂದಾಗ ಆ ರಂಧ್ರಗಳಲ್ಲಿ ಜಾಗವಿಲ್ಲ. ನೀರಿನ ದಾರಿ ಪೂರ್ತಿ ಮುಚ್ಚಿಹೋಗುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ನಮಗೆ ಬೇಕಾದದ್ದೂ ಅದೇ. ರೊಟ್ಟಿ ಗೊಜ್ಜನ್ನು ಹೀರಿ ರುಚಿ ಪಡೆಯಬೇಕು, ಹೀರುತ್ತ ಹೀರುತ್ತ ಕರಗಿಹೋಗಬಾರದು. ಎಣ್ಣೆ ಕಡಿಮೆ ಮಾಡಬೇಕೆನ್ನುವವರು ಟೋರ್ಟಿಯಾದ ಎರಡೂ ಮೈಗೆ ತೆಳುವಾಗಿ ಎಣ್ಣೆ ಸವರಿ, ಬಿಸಿ ಓವನ್‌ನಲ್ಲಿ ಬಾಗುವಷ್ಟು ಮಾತ್ರ ಕಾಯಿಸಿದರೂ ಬಹುಪಾಲು ಕೆಲಸ ಆಗುತ್ತದೆ.

ಗೊಜ್ಜು ಎಷ್ಟು ಗಟ್ಟಿ?

ಪದರದ ಆಯುಸ್ಸನ್ನು ನಿರ್ಧರಿಸುವ ಇನ್ನೊಂದು ಪಾತ್ರ ಗೊಜ್ಜಿನದು. ತೆಳು ಗೊಜ್ಜಿನಲ್ಲಿ ನೀರು ಬಿಡುಬೀಸಾಗಿ ಓಡಾಡುತ್ತಿರುತ್ತದೆ, ರೊಟ್ಟಿ ಕಂಡಕೂಡಲೇ ನುಗ್ಗುತ್ತದೆ. ಅರೆದ ಮೆಣಸಿನಕಾಯಿಯ ತಿರುಳು ಆ ನೀರನ್ನು ಹಿಡಿದಿಟ್ಟರೆ ರೊಟ್ಟಿಯ ಪಾಲಿಗೆ ಸಿಗುವುದು ಕಡಿಮೆ. ಗುಆಹಿಯೋ, ಆಂಚೋ ಮುಂತಾದ ಒಣಮೆಣಸಿನಕಾಯಿಗಳ ಬೀಜ ತೆಗೆದು, ಹುರಿದು, ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ಅರೆದು, ಎಣ್ಣೆಯಲ್ಲಿ ಬಾಡಿಸುತ್ತಾರೆ. ಮೆಣಸಿನಕಾಯಿಯ ಕೆಂಪು ಬಣ್ಣವೂ ಖಾರವೂ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ, ಆದ್ದರಿಂದ ಬಾಡಿಸಿದಷ್ಟೂ ಬಣ್ಣ ಬಿಡುತ್ತದೆ. ಸೌಟಿನ ಬೆನ್ನಿಗೆ ಅಂಟಿ ನಿಲ್ಲುವಷ್ಟು ಗಟ್ಟಿಯಾದರೆ ಹದ ಸರಿ.

ಕರ್ನಾಟಕದಲ್ಲಿ ಇದನ್ನು ಮಾಡುವವರಿಗೆ ಒಂದು ಅನುಕೂಲವಿದೆ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿ ಈ ಗೊಜ್ಜಿಗೆ ಚೆನ್ನಾಗಿ ಒದಗುತ್ತದೆ. ಅದರ ಹಿರೀಕರೂ ಅಮೆರಿಕ ಖಂಡದವರೇ, ಪೋರ್ಚುಗೀಸರ ಹಡಗುಗಳಲ್ಲಿ ಭಾರತಕ್ಕೆ ಬಂದ ಕುಲ.

ಓವನ್ನಿನಲ್ಲಿ, ಓವನ್ನಿನಿಂದ ಇಳಿಸಿದ ಮೇಲೆ

ಓವನ್ 180 ಡಿಗ್ರಿಯಲ್ಲಿದ್ದರೂ ತಟ್ಟೆಯ ಒಳಭಾಗದಲ್ಲಿ ನೀರಿರುವವರೆಗೆ ಶಾಖ ಸುಮಾರು 100 ಡಿಗ್ರಿಯನ್ನು ದಾಟುವುದಿಲ್ಲ. ಕವಲೆಳೆ ಬಿಚ್ಚಲು ಅದು ಧಾರಾಳ, ನೇರೆಳೆ ಬಿಚ್ಚಲು ಸಾಲದು. ಹೀಗಾಗಿ ಟೋರ್ಟಿಯಾ ಮೆತ್ತಗಾಗುತ್ತದೆ, ಗೊಜ್ಜನ್ನು ಹೀರುತ್ತದೆ, ಆದರೂ ಪದರವಾಗಿ ನಿಲ್ಲುತ್ತದೆ. ರೊಟ್ಟಿಯಿಂದ ಸ್ವಲ್ಪ ಪಿಷ್ಟ ಬಿಡಿಸಿಕೊಂಡು ಗೊಜ್ಜಿಗೆ ಸೇರಿ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಅತಿಯಾಗಿ ಬೇಯಿಸಿದರೆ ಈ ಸಮತೋಲ ಕೆಡುತ್ತದೆ. 25ರಿಂದ 30 ನಿಮಿಷ ಸಾಕು.

ತಟ್ಟೆ ಹೊರಗೆ ಬಂದೊಡನೆ ಚಾಕು ಹಾಕಿದರೆ ಪದರಗಳು ಜಾರಿ ಗೊಜ್ಜು ಹರಿಯುತ್ತದೆ. 10ರಿಂದ 15 ನಿಮಿಷ ತಡೆದರೆ ತುಂಡು ನೆಟ್ಟಗೆ ಎದ್ದು ಬರುತ್ತದೆ. ಆ ಹೊತ್ತಿನಲ್ಲಿ ಕರಗಿದ ಚೀಸ್ ಗಟ್ಟಿಯಾಗತೊಡಗುತ್ತದೆ, ಗೊಜ್ಜಿಗೆ ಸೇರಿದ ಪಿಷ್ಟ ತಣಿಯುತ್ತ ದಪ್ಪಗಾಗುತ್ತದೆ. ಸುತ್ತುವಾಗ ನಮಗೆ ತೊಡಕಾಗಿದ್ದ ಬಿಗಿತವೇ ಇಲ್ಲಿ ನೆರವಿಗೆ ಬರುತ್ತದೆ.

ಮನೆಯಲ್ಲಿ ಮಾಡುವಾಗ

ಆರು ಜನರಿಗೆ 6 ಇಂಚಿನ ಸುಮಾರು 18 ಟೋರ್ಟಿಯಾ, ಮೂರರಿಂದ ನಾಲ್ಕು ಕಪ್ ಗಟ್ಟಿ ಗೊಜ್ಜು, 300ರಿಂದ 400 ಗ್ರಾಂ ಕರಗುವ ಚೀಸ್, ಬೇಯಿಸಿದ ಬೀನ್ಸ್ ಅಥವಾ ಇಷ್ಟದ ಹೂರಣ. ಪಾಲಕ್, ಕುಂಬಳದಂಥ ನೀರು ಬಿಡುವ ತರಕಾರಿಯನ್ನು ಮೊದಲೇ ಬಾಡಿಸಿ ನೀರು ಇಂಗಿಸಿಕೊಳ್ಳಿ, ಇಲ್ಲದಿದ್ದರೆ ಆ ನೀರೂ ರೊಟ್ಟಿಯ ಪಾಲಾಗುತ್ತದೆ. ಪನೀರ್ ಹೂರಣಕ್ಕೆ ಸೊಗಸು, ಆದರೆ ಅದು ಕರಗುವುದಿಲ್ಲವಾದ್ದರಿಂದ ಪದರಗಳನ್ನು ಹಿಡಿದಿಡಲು ಚೀಸೇ ಬೇಕು. ತಳಕ್ಕೆ ತೆಳುವಾಗಿ ಗೊಜ್ಜು ಸವರಿ, ಎಣ್ಣೆ ಕಂಡ ಆರು ಟೋರ್ಟಿಯಾ ಹಾಸಿ, ಹೂರಣ, ಗೊಜ್ಜು, ಚೀಸ್ ಹರಡಿ. ಹೀಗೆ ಮೂರು ಪದರ. ಜೋಡಿಸಿದ ಮೇಲೆ ಗಂಟೆಗಟ್ಟಲೆ ಕಾಯಿಸದೆ ಓವನ್‌ಗಿಡಿ. ಮುಂಚಿತವಾಗಿ ತಯಾರಿ ಮಾಡಬೇಕಿದ್ದರೆ ಗೊಜ್ಜು, ಹೂರಣ, ಟೋರ್ಟಿಯಾ ಮೂರನ್ನೂ ಬೇರೆ ಬೇರೆ ಇಟ್ಟುಕೊಂಡು ಕೊನೆಗೆ ಜೋಡಿಸಿ.

ಉಳಿದದ್ದನ್ನು ಎಲ್ಲಿಡಬೇಕೆಂಬುದಕ್ಕೂ ಪಿಷ್ಟವೇ ಉತ್ತರ ಹೇಳುತ್ತದೆ. ಮರುಬಿಗಿತ ಅತಿ ವೇಗವಾಗಿ ನಡೆಯುವುದು ಫ್ರಿಜ್‌ನ 4 ಡಿಗ್ರಿಯ ಆಸುಪಾಸಿನಲ್ಲಿ. ಫ್ರೀಜರ್‌ನ ಮೈನಸ್ 18 ಡಿಗ್ರಿಯಲ್ಲಿ ನೀರು ಹೆಪ್ಪುಗಟ್ಟಿ ಎಳೆಗಳು ಅಲುಗದಂತಾಗುವುದರಿಂದ ಅದು ಹೆಚ್ಚುಕಡಿಮೆ ನಿಂತುಹೋಗುತ್ತದೆ. ನಾಳೆಗೆ ಬೇಕಾದದ್ದು ಫ್ರಿಜ್‌ನಲ್ಲಿರಲಿ, ಮುಂದಿನ ವಾರಕ್ಕೆ ಬೇಕಾದದ್ದು ಫ್ರೀಜರ್‌ಗೆ ಹೋಗಲಿ. ಎರಡನ್ನೂ ಮುಚ್ಚಿ, ನಡುಭಾಗದಿಂದ ಹಬೆ ಏಳುವವರೆಗೆ ಬಿಸಿಮಾಡಬೇಕು. ಅಂಚು ಮಾತ್ರ ಬಿಸಿಯಾದರೆ ನಡುವಿನ ಕವಲೆಳೆ ಬಿಗಿದೇ ಇರುತ್ತದೆ.

ಇಷ್ಟನ್ನೂ ನಂಬುವ ಮೊದಲು ನೀವೇ ಪರೀಕ್ಷಿಸಬಹುದು, ಅದಕ್ಕೆ ಓವನ್ನೂ ಬೇಡ. ಹಿಂದಿನ ದಿನದ ಎರಡು ಟೋರ್ಟಿಯಾ ತೆಗೆದುಕೊಳ್ಳಿ. ಒಂದನ್ನು ಹಂಚಿನ ಮೇಲೆ ಬಾಗುವಷ್ಟು ಕಾಯಿಸಿ, ಇನ್ನೊಂದನ್ನು ಎಣ್ಣೆಯಲ್ಲಿ ಹತ್ತು ಸೆಕೆಂಡು ಅದ್ದಿ ತೆಗೆಯಿರಿ. ಎರಡನ್ನೂ ಬಿಸಿ ಗೊಜ್ಜಿನಲ್ಲಿ ಹತ್ತು ನಿಮಿಷ ಬಿಟ್ಟು, ಚಮಚದಿಂದ ಎತ್ತಿ ನೋಡಿ. ಯಾವುದು ಇಡಿಯಾಗಿ ಮೇಲೆ ಬಂದಿತು, ಯಾವುದರ ಅಂಚು ಗೊಜ್ಜಿನಲ್ಲೇ ಉಳಿಯಿತು ಎಂಬುದನ್ನು ಗಮನಿಸಿದರೆ, ಯಾವ ಪಾಕವಿಧಾನದಲ್ಲೂ ಎಣ್ಣೆಯ ಆ ಒಂದು ಸಾಲನ್ನು ನೀವು ಮುಂದೆ ಬಿಟ್ಟು ಓದುವುದಿಲ್ಲ.